ಕೆಟ್ಟದ್ದು ಎಲ್ಲಿಗೆ ಹೋಯಿತು?

ಓದುಗರೊಬ್ಬರು ಬರೆದಿದ್ದಾರೆ: “ನನ್ನ ಮೊಮ್ಮಗಳು ‘ಗೋಯಿಂಗ್ ಟು’ ಅನ್ನುವ ಬದಲು ‘ಗೊನ್ನ’ ಅನ್ನುತ್ತಾಳೆ. ತಿದ್ದಿದರೆ ನಗುತ್ತಾಳೆ. ಇಂಗ್ಲಿಷ್ ಕೆಟ್ಟುಹೋಗಿದೆ. ನೀವಾದರೂ ಈ ಬಗ್ಗೆ ಬರೆಯಿರಿ.”

ಬರೆಯುತ್ತೇನೆ ಸ್ವಾಮಿ, ಆದರೆ ಮೊಮ್ಮಗಳ ಪರವಾಗಿ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಗೊನ್ನ’ ಬೇಡ, ಒಪ್ಪಿದೆ.

ನಿಮ್ಮ ಕಿವಿ ಚುರುಕಾಗಿದೆ. ಇನ್ನೊಂದು ಸಲ ಕೇಳಿಸಿಕೊಳ್ಳಿ. ‘ಐ ಆಮ್ ಗೊನ್ನ ಈಟ್’ ಅನ್ನುತ್ತಾಳೆ. ‘ಐ ಆಮ್ ಗೊನ್ನ ಮೈಸೂರು’ ಅಂತ ಯಾವತ್ತಾದರೂ ಅಂದಿದ್ದಾಳಾ? ಇಲ್ಲ ಅಲ್ವಾ? ಊರಿಗೆ ಹೊರಡುವ ‘ಗೋಯಿಂಗ್ ಟು’ ಹಾಗೇ ಇರುತ್ತದೆ. ಮುಂದೆ ಆಗುವುದನ್ನು ಹೇಳುವ ‘ಗೋಯಿಂಗ್ ಟು’ ಮಾತ್ರ ಸವೆದು ‘ಗೊನ್ನ’ ಆಗುತ್ತದೆ. ಯಾರೂ ಹೇಳಿಕೊಡದ ಈ ನಿಯಮವನ್ನು ಆ ಹುಡುಗಿ ಒಮ್ಮೆಯೂ ತಪ್ಪುತ್ತಿಲ್ಲ. ಇದನ್ನು ಕೆಡುವುದು ಅಂತ ಹೇಗೆ ಅನ್ನಲಿ?

ಊರಿಗೆ ಹೊರಡುವ ಮಾತು ಮುಂದೆ ಆಗುವುದನ್ನು ಹೇಳತೊಡಗಿದ್ದು ಹೇಗೆ? ಒಂದು ಕೆಲಸಕ್ಕೆ ಅಂತ ಹೊರಟವನು ಅದನ್ನು ಮಾಡುವುದು ಆಮೇಲೆ ತಾನೆ? ಹೊರಡುವ ಅರ್ಥ ಮೆಲ್ಲಗೆ ಕಳಚಿತು, ‘ಆಮೇಲೆ’ ಉಳಿಯಿತು. 17ನೇ ಶತಮಾನದ ವ್ಯಾಕರಣಗಳಲ್ಲೇ ಇದರ ಸುಳಿವಿದೆ. ‘ವಿಲ್’ ಕೂಡ ಹಾಗೇ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಬಯಸು’. ನಮ್ಮ ಹಿರಿಯರು ಬರೆಸಿಡುವ ‘ಉಯಿಲು’ ಇದೆಯಲ್ಲ, ಅದೂ ಅದೇ ಬೇರಿನದು. ಬಯಕೆ ಅಲ್ಲಿ ಇನ್ನೂ ಉಸಿರಾಡುತ್ತಿದೆ. ‘ಶಲ್’ ಅಂದರೆ ಆಗ ಸಾಲ ತೀರಿಸಬೇಕಾಗಿರುವುದು. ‘ಕ್ಯಾನ್’ ಅಂದರೆ ಅರಿತಿರುವುದು. ‘ಅವನನ್ನು ಬಲ್ಲೆ’, ‘ಈಜಬಲ್ಲೆ’ ಅಂತ ನಾವೂ ಒಂದೇ ಮಾತಿನಲ್ಲಿ ಎರಡನ್ನೂ ಹೇಳುತ್ತೇವೆ, ನೋಡಿ. ಮಾತೊಂದು ಹಳೆಯ ಅರ್ಥ ಕಳಚಿ ವ್ಯಾಕರಣದ ಕೆಲಸಕ್ಕೆ ಇಳಿಯುವ ಇಂಥ ಬದಲಾವಣೆಗೆ ಫ್ರಾನ್ಸಿನ ಭಾಷಾವಿಜ್ಞಾನಿ ಆಂತ್ವಾನ್ ಮೆಯೆ 1912ರಲ್ಲೇ ‘ಗ್ರಾಮಟಿಕಲೈಸೇಶನ್’ ಅಂತ ಹೆಸರು ಕೊಟ್ಟರು.

ನಮ್ಮ ಶಾಲೆಯಲ್ಲಿ ‘ಐ, ವಿ ಬಂದರೆ ಶಲ್, ಉಳಿದದ್ದಕ್ಕೆ ವಿಲ್’ ಅಂತ ಬಾಯಿಪಾಠ ಮಾಡಿಸಿದರು. ಯಾಕೆ ಅಂತ ಕೇಳಿದ್ದಕ್ಕೆ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬಿತ್ತು. ಇಂಗ್ಲೆಂಡಿನ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಆ ನಿಯಮ ಇದೆ ಅಂತ ಗೊತ್ತಾಗುವ ಹೊತ್ತಿಗೆ ನನ್ನ ತಲೆ ನರೆತಿತ್ತು. ಒಂದು ಬಯಕೆ, ಇನ್ನೊಂದು ಸಾಲ ಅಂತ ಅಂದೇ ಹೇಳಿದ್ದರೆ ಎಷ್ಟು ಖುಷಿಯಿಂದ ಕಲಿಯುತ್ತಿದ್ದೆ!

ಕನ್ನಡದ ಪಾಠವೇನೂ ಜಾಸ್ತಿ ಬೇರೆಯಲ್ಲ. ನೀವೇ ‘ಕೆಟ್ಟುಹೋಗಿದೆ’ ಅಂತ ಬರೆದಿದ್ದೀರಿ. ಕೆಟ್ಟದ್ದು ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಆ ‘ಹೋಗು’ ನಡೆಯುವುದನ್ನು ಬಿಟ್ಟು, ಕೆಲಸ ಮುಗಿಯಿತು ಅಂತ ಹೇಳುತ್ತಿದೆ. ‘ಬಂದುಬಿಟ್ಟ’ ಅಂದಾಗ ಅವನು ಏನನ್ನೂ ಬಿಟ್ಟಿಲ್ಲ. ಇಷ್ಟು ಸೊಗಸಾದದ್ದು ದಿನಾ ನಮ್ಮ ಬಾಯಲ್ಲೇ ಇದೆ. ಮಕ್ಕಳು ಮಾತ್ರ ವಿಭಕ್ತಿ ಪ್ರತ್ಯಯಗಳನ್ನು ಉರು ಹೊಡೆಯುತ್ತಿದ್ದಾರೆ. ‘ಬಂದ್ಬಿಟ್ಟ’ ಅಂತ ಬರೆದರೆ ಕೆಂಪು ಗೀಟು ಬೀಳುತ್ತದೆ, ಅದು ಹೇಗೆ ಹುಟ್ಟಿತು ಅಂತ ಹೇಳುವವರು ಯಾರೂ ಇಲ್ಲ.