ಇಬ್ಬರ ಸಂಬಳ ಬಂದರೂ 20ನೇ ತಾರೀಖಿಗೆ ಖಾಲಿ: ಪ್ರತಿಕ್ರಿಯೆ

ಇಬ್ಬರೂ ದುಡಿದರೂ 20ನೇ ತಾರೀಖಿಗೇ ದುಡ್ಡು ಖಾಲಿ ಆಗುತ್ತದೆ ಅಂತ ಬರೆದಿದ್ದೀರಿ. ತರಕಾರಿ, ಹಾಲಿನ ಲೆಕ್ಕ ಕೆದಕಬೇಡಿ, ತೊಂದರೆ ಇರುವುದು ಸಾಲದ ಕಂತು ಮತ್ತು ಕ್ರೆಡಿಟ್ ಕಾರ್ಡಿನಲ್ಲಿ. ನೀವೇ ಬರೆದಂತೆ ತಿಂಗಳಿಗೆ ಇಬ್ಬರದೂ ಸೇರಿ ಬರುವ 1.3 ಲಕ್ಷದಲ್ಲಿ ಮನೆ, ಕಾರಿನ ಸಾಲಕ್ಕೇ 68 ಸಾವಿರ ಹೋಗುತ್ತಿದೆ. ಅರ್ಧಕ್ಕಿಂತ ಜಾಸ್ತಿ, ಅಲ್ವಾ? ಸಾಲದ್ದಕ್ಕೆ ಜೂನ್‌ನ ಸ್ಕೂಲ್ ಫೀಸು ಕಾರ್ಡಿಗೆ ಹಾಕಿ, ಬರೀ ಕನಿಷ್ಠ ಮೊತ್ತ ಕಟ್ಟುತ್ತಿದ್ದೀರಿ.

ಮೊದಲು ಕಾರ್ಡ್ ಬಾಕಿ ತೀರಿಸಿ. ಕನಿಷ್ಠ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಅಷ್ಟೇ. ಉಳಿದದ್ದಕ್ಕೆ ಸಾಮಾನ್ಯವಾಗಿ ತಿಂಗಳಿಗೆ 3 ಪರ್ಸೆಂಟ್‌ಗೂ ಮೇಲೆ ಬಡ್ಡಿ. ಹೊಸದಾಗಿ ಉಜ್ಜಿದ್ದಕ್ಕೂ ಅದೇ ದಿನದಿಂದ ಬಡ್ಡಿ ಶುರು. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ ತೆಗೆದು ಇದನ್ನು ಮುಗಿಸಿ, ಅದರ ಬಡ್ಡಿ ತುಂಬಾ ಕಮ್ಮಿ. (ಮನೆಯವರು ಒಪ್ಪಬೇಕು, ಅದು ಬೇರೆ ಮಾತು.) ಅಲ್ಲಿವರೆಗೆ ಕಾರ್ಡ್ ಬೀರುವಿನಲ್ಲಿರಲಿ.

ಆಮೇಲೆ ಫೀಸು, ವಿಮೆ, ಮನೆ ಕಂದಾಯ, ದಸರಾ ಖರ್ಚು ಎಲ್ಲ ಕೂಡಿಸಿ 12ರಿಂದ ಭಾಗಿಸಿ. ಅಷ್ಟು ದುಡ್ಡು ಸಂಬಳದ ದಿನವೇ ಆರ್‌ಡಿಗೆ (ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿ) ಹೋಗಲಿ.

ಕೊನೆಗೆ ಕಾರು. ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳಕ್ಕೆ ಓಡಾಡಲು ಸ್ಕೂಟರ್ ಸಾಕು ಅಂತ ನನಗನ್ನಿಸುತ್ತದೆ. ಮಾರಿದರೆ ಸಾಲ ಪೂರ್ತಿ ತೀರುತ್ತದೋ ಇಲ್ಲವೋ, ಬಾಕಿ ಎಷ್ಟಿದೆ ಅಂತ ನೀವು ಬರೆದಿಲ್ಲ. ಈ ವಾರವೇ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಲೆಟರ್ (ಸಾಲ ಈಗಲೇ ಮುಗಿಸಲು ಒಟ್ಟು ಎಷ್ಟು ಕಟ್ಟಬೇಕು ಅನ್ನುವ ಪತ್ರ) ತೆಗೆಸಿ, ಕಾರಿಗೆ ಈಗ ಸಿಗುವ ಬೆಲೆ ಜೊತೆ ಇಟ್ಟು ನೋಡಿ.