ಪ್ರತಿ: ಎಲ್ಲ ಶಾಲೆಗೂ ಒಂದೇ ಸಲ ಹೊಸ ಸಾಫ್ಟ್‌ವೇರ್ ತರಬಹುದಾ?

ಮೂರು ಡಿಸ್ಟ್ರಿಕ್ಟ್‌ಗಳ ಶಾಲೆಗಳನ್ನೆಲ್ಲ ರಜೆ ಮುಗಿದ ದಿನವೇ ಹೊಸ ಹಾಜರಾತಿ ಸಾಫ್ಟ್‌ವೇರ್‌ಗೆ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲ ವಾರ ಟೀಚರ್‌ಗಳಿಗೆ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿರುವುದಿಲ್ಲ.

ಪ್ರತಿ ಡಿಸ್ಟ್ರಿಕ್ಟ್‌ನಿಂದ ಒಂದೆರಡು ಶಾಲೆ ಆರಿಸಿ, ಒಂದು ಟರ್ಮ್ ನಡೆಸಿ ನೋಡಿ. ಉತ್ಸಾಹ ಇರುವವರನ್ನೇ ಆರಿಸಬೇಡಿ. ಸದಾ ಗೊಣಗುವ ಶಾಲೆಯೂ ಒಂದಿರಲಿ, ತೊಂದರೆಗಳು ಅಲ್ಲೇ ಬೇಗ ಗೊತ್ತಾಗೋದು.

ದೊಡ್ಡ ತಲೆನೋವು ಹಳೆಯ ಡೇಟಾ. ಒಂದು ಡಿಸ್ಟ್ರಿಕ್ಟ್ ತಡವಾಗಿ ಬಂದ ಮಗುವಿಗೆ ‘ಟಿ’ ಅಂತ ಹಾಕುತ್ತಿರುತ್ತದೆ. ಇನ್ನೊಂದು ಅದೇ ಅಕ್ಷರವನ್ನು ಚಕ್ಕರ್ ಹೊಡೆದವರಿಗೆ ಇಟ್ಟುಕೊಂಡಿರುತ್ತದೆ. ಸುಮ್ನೆ ಹಾಗೇ ಎತ್ತಿ ಹಾಕಿದರೆ, ಹತ್ತು ನಿಮಿಷ ಲೇಟಾದವರ ಮನೆಗೂ ‘ನಿಮ್ಮ ಮಗು ಶಾಲೆಗೆ ಬಂದಿಲ್ಲ’ ಅಂತ ಮೆಸೇಜ್ ಹೋಗುತ್ತದೆ. ಈ ಕೋಡ್‌ಗಳನ್ನು ಮೊದಲು ಕೂತು ಒಂದೇ ಥರ ಮಾಡಿಕೊಳ್ಳಿ. ಶಾಲೆಯ ಆಫೀಸಿನ ಕ್ಲರ್ಕ್‌ಗಳನ್ನು ಕರೆಯಿರಿ. ಐಟಿಯವರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಅವಸರ ಏನು ಮಾಡುತ್ತದೆ ಅನ್ನೋದಕ್ಕೆ ಲಾಸ್ ಏಂಜಲೀಸ್ ಇದೆಯಲ್ವಾ? 2013ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಆಡಳಿತದವರು ಎಲ್ಲ ಮಕ್ಕಳಿಗೂ ಐಪ್ಯಾಡ್ ಅಂತ ಹೊರಟರು. ಕೆಲವೇ ವಾರಗಳಲ್ಲಿ ಹುಡುಗರು ಬೇಡದ ವೆಬ್‌ಸೈಟ್ ತಡೆಯೋ ಫಿಲ್ಟರ್ ದಾಟಿದ್ದರು. ಮರುವರ್ಷ ಐಪ್ಯಾಡ್ ಕೊಳ್ಳೋ ಒಪ್ಪಂದವನ್ನೇ ನಿಲ್ಲಿಸಿದರು.

ಹಳೆಯ ಸಿಸ್ಟಮ್ ಅನ್ನು ಕೂಡಲೇ ಮುಚ್ಚಬೇಡಿ. ಓದೋದಕ್ಕೆ ಮಾತ್ರ ಒಂದು ವರ್ಷವಾದರೂ ತೆರೆದಿಡಿ. ಹಳೆ ವಿದ್ಯಾರ್ಥಿಗಳು ತಮ್ಮ ದಾಖಲೆ ಕೇಳಿಕೊಂಡು ಬರುತ್ತಲೇ ಇರುತ್ತಾರೆ.