ಟಿಕ್ ಟಿಕ್ ಅಂದ ಮಾತ್ರಕ್ಕೆ ವಾಚು ಸರಿಯಿದೆ ಅಂತಲ್ಲ

ಹಳೇ ಕೈಗಡಿಯಾರಗಳ ಸರ್ವಿಸ್ ಮತ್ತು ಬೆಲ್ಟ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಪ್ಪನ ಕೀಲಿ ಕೊಡುವ ವಾಚು ಇಪ್ಪತ್ತು ವರ್ಷದಿಂದ ಬೀರುವಿನಲ್ಲೇ ಇತ್ತು. ಮೊನ್ನೆ ತೆಗೆದು ಕೀಲಿ ಕೊಟ್ಟೆ, ತಕ್ಷಣ ಓಡಿತು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ ಅಷ್ಟೇ. ಇದಕ್ಕೂ ಸರ್ವಿಸ್ ಬೇಕಾ? ದಿನಾ ಕಟ್ಟಿಕೊಳ್ಳುವ ಆಸೆ.

ಉತ್ತರ: ಬೇಕು. ಕಟ್ಟಿಕೊಳ್ಳಲು ಶುರುಮಾಡುವ ಮೊದಲೇ ಬೇಕು.

ನಿಂತ ವಾಚು ಸವೆಯುವುದಿಲ್ಲ. ಎಣ್ಣೆ ಒಣಗಿದ ಮೇಲೂ ಓಡುತ್ತಿರುವ ವಾಚು ಸವೆಯುತ್ತದೆ. ಒಳಗಿನ ಒಂದೊಂದು ಚಕ್ರದ ಅಚ್ಚಿನ ತುದಿಗೂ ಗುಂಡುಸೂಜಿ ತಲೆಗಿಂತ ಚಿಕ್ಕದಾದ ಒಂದು ಹನಿ ಎಣ್ಣೆ ಇರುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಅಂಟಾಗುತ್ತದೆ, ಆಮೇಲೆ ಧೂಳು ಸೇರಿ ಉಜ್ಜುವ ಪುಡಿಯ ಹಾಗೆ ಕೆಲಸ ಮಾಡುತ್ತದೆ. ಹಳೇ ವಾಚುಗಳಲ್ಲಿ ಬ್ಯಾಲೆನ್ಸ್ ವೀಲ್, ಅಂದರೆ ಆಚೀಚೆ ತೂಗಾಡುತ್ತಾ ವಾಚಿನ ವೇಗ ಕಾಯುವ ಚಕ್ರ, ಸಾಮಾನ್ಯವಾಗಿ ಗಂಟೆಗೆ 18,000 ಬಡಿತ ಬಡಿಯುತ್ತದೆ. ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ಇಷ್ಟೂ ಸಲ ಎಣ್ಣೆಯಿಲ್ಲದೆ ಉಜ್ಜಿದರೆ ಏನಾಗಬಹುದು, ನೀವೇ ಯೋಚಿಸಿ.

ಭೂತಗನ್ನಡಿ ಹಿಡಿದು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಅಚ್ಚಿನ ತುದಿ ಕೂರುವ ಕೆಂಪು ಕಲ್ಲಿನ ತೂತಿನ ಸುತ್ತ ತಿಳಿಯಾದ ಎಣ್ಣೆಯ ಉಂಗುರ ಇರಬೇಕಾದ ಕಡೆ ಕಂದು ಬಣ್ಣದ ಕರೆ ಕಟ್ಟಿರುತ್ತದೆ. ಕಲ್ಲು ಇಲ್ಲದೆ ಬರೀ ಹಿತ್ತಾಳೆಯಲ್ಲಿ ತಿರುಗುವ ಕಡೆ, ದುಂಡಗಿರಬೇಕಾದ ತೂತು ಉದ್ದಕ್ಕೆ ಮೊಟ್ಟೆಯ ಆಕಾರಕ್ಕೆ ತಿರುಗಿರುತ್ತದೆ. ಕರೆ ತೊಳೆದರೆ ಹೋಗುತ್ತದೆ, ಮೊಟ್ಟೆಯಾದ ತೂತು ತೊಳೆದರೆ ಸರಿಯಾಗುವುದಿಲ್ಲ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವುದು ಅಂದರೆ ವಾಚು ಕಷ್ಟಪಟ್ಟು ಓಡುತ್ತಿದೆ ಅಂತಲೇ ಇಟ್ಟುಕೊಳ್ಳಿ.

ಸರ್ವಿಸ್ ಅಂದರೆ ಮೆಷಿನ್ ಪೂರ್ತಿ ಬಿಚ್ಚಬೇಕು. ಒಂದೊಂದೇ ಭಾಗ ತೊಳೆದು, ಒಣಗಿಸಿ, ಸವೆದದ್ದು ಬದಲಿಸಿ, ಮತ್ತೆ ಜೋಡಿಸುತ್ತಾ ಎಣ್ಣೆ ಹಾಕಬೇಕು. ಎಣ್ಣೆಯೂ ಒಂದೇ ಥರದ್ದಲ್ಲ, ನಿಧಾನಕ್ಕೆ ತಿರುಗುವ ಚಕ್ರಕ್ಕೆ ದಪ್ಪ, ವೇಗದ್ದಕ್ಕೆ ತೆಳು. ಬಿಚ್ಚದೆ ಇಡೀ ಮೆಷಿನನ್ನು ಪೆಟ್ರೋಲಲ್ಲಿ ಅದ್ದಿ ತೆಗೆದು ಮೇಲಿಂದ ಒಂದೆರಡು ಹನಿ ಬಿಡುವುದನ್ನೂ ಕೆಲವರು ಸರ್ವಿಸ್ ಅಂತಲೇ ಕರೆಯುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಕೊಳೆ ಕರಗಿ ಇನ್ನೊಂದು ಸಂದಿಗೆ ಹೋಗಿ ಕೂರುತ್ತದೆ, ವಾಚು ನಾಲ್ಕು ದಿನ ಚೆನ್ನಾಗಿ ಓಡುತ್ತದೆ, ನೀವೂ ನಂಬಿಬಿಡುತ್ತೀರಿ.

ಕೊಡುವಾಗ ಎರಡೇ ಮಾತು ಕೇಳಿ. ಪೂರ್ತಿ ಬಿಚ್ಚುತ್ತೀರಾ? ಕೆಲಸ ಮುಗಿದ ಮೇಲೆ ಟೈಮ್‌ಗ್ರಾಫರ್ ಮೇಲಿಟ್ಟು ತೋರಿಸುತ್ತೀರಾ? ಅದು ವಾಚಿನ ಸದ್ದು ಕೇಳಿ ಲೆಕ್ಕ ಹೇಳುವ ಯಂತ್ರ. ಪೂರ್ತಿ ಕೀಲಿ ಕೊಟ್ಟ ಹಳೇ ವಾಚನ್ನು ಡಯಲ್ ಮೇಲೆ ಮಾಡಿ ಮಲಗಿಸಿದಾಗ ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ವೀಲ್ ನಡುವಿನಿಂದ ಒಂದು ಕಡೆಗೆ ತಿರುಗುವಷ್ಟು, 250 ಡಿಗ್ರಿ ದಾಟಿದರೆ ನೆಮ್ಮದಿ. 200ರ ಹತ್ತಿರ ಇದ್ದರೆ ಇನ್ನೂ ಏನೋ ಬಾಕಿ ಇದೆ. ಚೆನ್ನಾಗಿ ಮಾಡಿದ ಸರ್ವಿಸ್ ಐದಾರು ವರ್ಷ ಆರಾಮವಾಗಿ ಬರುತ್ತದೆ.

ಪ್ರಶ್ನೆ: ನನ್ನ ವಾಚು ನಿಂತುಹೋಗಿದೆ. ಕೀಲಿ ಪೂರ್ತಿ ಬಿಗಿಯಾಗಿದೆ. "ಕೀಲಿ ಜಾಸ್ತಿ ಕೊಟ್ಟಿದ್ದೀರಿ, ಅದಕ್ಕೇ ಕೆಟ್ಟಿದೆ" ಅಂದರು ರಿಪೇರಿಯವರು. ತಪ್ಪು ನನ್ನದೇನಾ?

ಉತ್ತರ: ಅಲ್ಲ. ಈ ಮಾತು ಕೇಳಿ ಎಷ್ಟೋ ಜನ ಸುಮ್ನೆ ನೊಂದುಕೊಳ್ಳುತ್ತಾರೆ. ಕೀಲಿ ಪೂರ್ತಿ ತುಂಬುವುದೇ ಸರಿಯಾದ ಕ್ರಮ, ದಿನಕ್ಕೊಂದು ಸಲ, ಒಂದೇ ಹೊತ್ತಿಗೆ, ಅದು ತಾನಾಗಿ ನಿಲ್ಲುವ ತನಕ. ತುಂಬಿದ ಮೇಲೂ ವಾಚು ಓಡದಿದ್ದರೆ ಸ್ಪ್ರಿಂಗಿನ ಶಕ್ತಿ ಚಕ್ರಗಳಿಗೆ ಸಾಲುತ್ತಿಲ್ಲ ಅಂತ ಅರ್ಥ, ಬಹುಪಾಲು ಒಣಗಿದ ಎಣ್ಣೆಯಿಂದ. ನಿಂತ ಜಾಗದಿಂದ ಮುಂದಕ್ಕೆ ಬಲವಂತವಾಗಿ ತಿರುಗಿಸಬೇಡಿ, ಅಷ್ಟೇ. ಆಟೋಮ್ಯಾಟಿಕ್ ವಾಚಿನಲ್ಲಿ ಆ ಭಯವೂ ಇಲ್ಲ. ತುಂಬಿದ ಮೇಲೆ ಅದರ ಸ್ಪ್ರಿಂಗ್ ಡಬ್ಬಿಯೊಳಗೇ ಜಾರಿಕೊಳ್ಳುತ್ತದೆ.

ಪ್ರಶ್ನೆ: ಸರಿಯಾಗಿ ಟೈಮ್ ತೋರಿಸುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿದೆ. ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ.

ಉತ್ತರ: ಮೊದಲು ಅನುಮಾನ ಪಡಬೇಕಾದ್ದು ಅಯಸ್ಕಾಂತವನ್ನು. ಸ್ಪೀಕರ್, ಮೊಬೈಲ್ ಕವರಿನ ಮುಚ್ಚಳ, ಬ್ಯಾಗಿನ ಬಟನ್, ಎಲ್ಲದರಲ್ಲೂ ಅದಿದೆ. ಬ್ಯಾಲೆನ್ಸ್ ವೀಲನ್ನು ಆಚೀಚೆ ಆಡಿಸುವ, ಕೂದಲಿನಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದ ಹಾಗಾಗುತ್ತದೆ, ವಾಚು ಮುಂದೆ ಓಡಲು ಶುರುಮಾಡುತ್ತದೆ. ಮನೆಯಲ್ಲಿ ದಿಕ್ಸೂಚಿ ಇದ್ದರೆ ವಾಚನ್ನು ಅದರ ಹತ್ತಿರ ಹಿಡಿದು ನೋಡಿ, ಮುಳ್ಳು ಜೋರಾಗಿ ಅಲ್ಲಾಡಿದರೆ ಅದೇ ಕಾರಣ. ಅಯಸ್ಕಾಂತದ ಗುಣ ತೆಗೆಯುವ ಯಂತ್ರ, ಡೀಮ್ಯಾಗ್ನೆಟೈಜರ್, ಇರುವವರ ಹತ್ತಿರ ಒಂದೆರಡು ನಿಮಿಷದ ಕೆಲಸ.

ಪ್ರಶ್ನೆ: ಸರ್ವಿಸ್ ಜೊತೆಗೆ ಕೇಸ್ ಪಾಲಿಶ್ ಮಾಡಿ, ಡಯಲ್‌ಗೆ ಹೊಸದಾಗಿ ಬಣ್ಣ ಹಾಕಿ, ಹೊಸತರ ಹಾಗೆ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಲಾ?

ಉತ್ತರ: ನನ್ನ ಮಾತು ಕೇಳುವುದಾದರೆ ಬೇಡ. ಪಾಲಿಶ್ ಅಂದರೆ ಲೋಹ ತೆಗೆಯುವುದು. ಗೀರು ಎಷ್ಟು ಆಳ ಇದೆಯೋ ಅಷ್ಟು ಲೋಹ ಹೋಗಬೇಕು. ಚೂಪಾದ ಅಂಚುಗಳು ಸಾಬೂನಿನ ಹಾಗೆ ಉರುಟಾಗುತ್ತವೆ, ಹಿಂದೆ ಕೆತ್ತಿದ ಅಕ್ಷರ ಮಾಸುತ್ತದೆ. ಚಿನ್ನದ ಲೇಪನ ಇದ್ದರೆ ಹಿತ್ತಾಳೆಯೇ ಹೊರಗೆ ಬರಬಹುದು. ಡಯಲ್ ವಿಷಯ ಇನ್ನೂ ಸೂಕ್ಷ್ಮ. ಒಮ್ಮೆ ಕೆರೆದು ಬಣ್ಣ ಹಾಕಿದರೆ ಮೂಲದ್ದು ಮತ್ತೆ ಬರುವುದಿಲ್ಲ. ಹಳದಿಗೆ ತಿರುಗಿದ, ಅಂಚಿನಲ್ಲಿ ಚುಕ್ಕೆ ಬಿದ್ದ ಡಯಲ್ ನಿಮ್ಮ ಮನೆಯವರು ದಿನಾ ನೋಡಿದ ಡಯಲ್ ಅಲ್ವಾ? ಅದು ಹಾಗೇ ಇರಲಿ.

ಗಾಜಿನ ಮಾತು ಬೇರೆ. ಹಳೇ ವಾಚಿನ ಗಾಜು ಹೆಚ್ಚಾಗಿ ಅಕ್ರಿಲಿಕ್. ಮೇಲಿನ ಗೀರು ನಯವಾದ ಪಾಲಿಶ್ ಪೇಸ್ಟ್ ಹಾಕಿ ಉಜ್ಜಿದರೆ ಹೋಗುತ್ತದೆ, ಬಿರುಕಿದ್ದರೆ ಬದಲಿಸಿ. ಗಾಳಿ-ನೀರು ತಡೆಯುವ ರಬ್ಬರ್ ಉಂಗುರವನ್ನೂ ಆಗಲೇ ಹೊಸದು ಹಾಕಿಸಿ. ಆದರೂ ಹಿಂದೆ ವಾಟರ್‌ಪ್ರೂಫ್ ಅಂತ ಬರೆದದ್ದನ್ನು ನಂಬಿ ನೀರಿಗೆ ಇಳಿಸಬೇಡಿ. ತೆಗೆದ ಹಳೇ ಭಾಗಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ವಾಪಸ್ ಕೊಡಿ ಅಂತ ಮೊದಲೇ ಹೇಳಿಡಿ.

ಪ್ರಶ್ನೆ: ತಾತನ ವಾಚಿನ ಅಂಕಿಗಳ ಮೇಲೆ ಕಂದು ಬಣ್ಣದ ಪುಡಿಯಂಥದ್ದಿದೆ. ಕತ್ತಲಲ್ಲಿ ಹೊಳೆಯುವುದಿಲ್ಲ. ಅದು ರೇಡಿಯಂ ಇರಬಹುದು, ಆದರೆ ಶಕ್ತಿ ಮುಗಿದಿದೆ, ಭಯವಿಲ್ಲ ಅಂತಾರೆ. ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಮುಗಿದದ್ದು ಹೊಳೆಯುವ ಬಣ್ಣದ ಶಕ್ತಿ. ರೇಡಿಯಂ ಅನ್ನುವುದು ವಿಕಿರಣ ಸೂಸುವ ವಸ್ತು, ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು, ಅದು ಅಲ್ಲೇ ಇದೆ. 1960ರ ದಶಕದವರೆಗೂ ವಾಚಿನ ಡಯಲ್‌ಗಳಲ್ಲಿ ಇದನ್ನು ಬಳಸುತ್ತಿದ್ದರು. ಅಮೆರಿಕದಲ್ಲಿ ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ದವಡೆಯ ಮೂಳೆ ಕೊಳೆತು ಸತ್ತದ್ದು ದಾಖಲಾದ ವಿಷಯ. ದೊಡ್ಡ ಅಪಾಯ ಪುಡಿ ದೇಹದೊಳಗೆ ಹೋಗುವುದರಲ್ಲಿದೆ. ಹಾಗಾಗಿ ಮನೆಯಲ್ಲಿ ಬಿಚ್ಚಬೇಡಿ, ಕೆರೆಯಬೇಡಿ, ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಬೇಡಿ. ಸರ್ವಿಸ್‌ಗೆ ಕೊಡುವಾಗ ಇದನ್ನೇ ಮೊದಲ ಮಾತಾಗಿ ಹೇಳಿ, ಬಿಚ್ಚುವವರ ಆರೋಗ್ಯದ ಪ್ರಶ್ನೆ ಅದು. ಡಯಲ್‌ನ ಕೆಳಗಡೆ ದೇಶದ ಹೆಸರಿನ ಆಚೀಚೆ ಇಂಗ್ಲಿಷಿನ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಂ ಅನ್ನುವ ಬೇರೆ ವಿಕಿರಣ ವಸ್ತು. ಅದು 12 ವರ್ಷಕ್ಕೆಲ್ಲ ಅರ್ಧವಾಗುತ್ತದೆ, ಅದರ ಕಿರಣ ಗಾಜನ್ನೂ ದಾಟುವುದಿಲ್ಲ.

ಪ್ರಶ್ನೆ: ನನ್ನ ಹಳೇ ವಾಚಿಗೆ ಬೆಲ್ಟ್ ಸಿಗುತ್ತಿಲ್ಲ. 18 ಮಿ.ಮೀ. ತಂದರೆ ಪಕ್ಕದಲ್ಲಿ ಸಂದು ಕಾಣುತ್ತದೆ, 20 ಒಳಗೆ ಹೋಗುವುದಿಲ್ಲ. ಇನ್ನೊಂದು ಚಿಕ್ಕ ವಾಚಿದೆ, ಬೆಲ್ಟ್ ಸಿಕ್ಕಿಸುವ ಅದರ ಕಡ್ಡಿ ಕಳಚುವುದೇ ಇಲ್ಲ.

ಉತ್ತರ: ನಿಮ್ಮದು 19 ಮಿ.ಮೀ. ಇರಬೇಕು. ಹಳೇ ವಾಚುಗಳಲ್ಲಿ 17, 19 ಸಾಮಾನ್ಯ. ಹಳೇ ಬೆಲ್ಟನ್ನು ಅಳೆಯಬೇಡಿ, ಅದು ವರ್ಷಗಟ್ಟಲೆ ಬೆವರು ಕುಡಿದು ಕುಗ್ಗಿರುತ್ತದೆ. ಬೆಲ್ಟ್ ಹಿಡಿಯುವ ಎರಡು ಕಿವಿಗಳ ಒಳಗಿನ ಅಂತರವನ್ನೇ ಕ್ಯಾಲಿಪರ್‌ನಲ್ಲಿ ಅಳೆಯಿರಿ. 19 ಸಿಗದಿದ್ದರೆ ಮೆತ್ತನೆಯ ಚರ್ಮದ 20 ತಂದು ಚರ್ಮದ ಕೆಲಸದವರಿಂದ ಎರಡೂ ಅಂಚಿನಲ್ಲಿ ಅರ್ಧರ್ಧ ಮಿ.ಮೀ. ತೆಗೆಸಿ. 18ರಲ್ಲಿ ಕಾಲ ತಳ್ಳಬೇಡಿ, ಅದು ಆಚೀಚೆ ಜಾರುತ್ತಾ ಬೆಲ್ಟ್ ಹಿಡಿದ ಪಿನ್ನನ್ನು ತಿನ್ನುತ್ತದೆ.

ದಪ್ಪದ ಬಗ್ಗೆಯೂ ಯೋಚಿಸಿ. ಹಳೇ ವಾಚು ತೆಳ್ಳಗಿರುತ್ತದೆ. ಒಳಗೆ ಸ್ಪಂಜು ತುಂಬಿದ ದಪ್ಪ ಬೆಲ್ಟ್ ಹಾಕಿದರೆ ಅದು ಕೇಸಿಗೆ ತಾಗಿ ಮಡಚಲು ಬಿಡುವುದಿಲ್ಲ. 2 ಮಿ.ಮೀ. ಆಸುಪಾಸಿನ ಸಪಾಟು ಚರ್ಮ, ಕಿವಿಯ ಹತ್ತಿರ ಅಗಲ ಇದ್ದು ಬಕಲ್ ಹತ್ತಿರ ಒಂದೆರಡು ಮಿ.ಮೀ. ಸಣ್ಣದಾಗುವಂಥದ್ದು, ಇಂಥ ವಾಚಿಗೆ ಒಪ್ಪುತ್ತದೆ.

ಕಳಚದ ಕಡ್ಡಿಯ ವಾಚಿಗೆ, ಕಡ್ಡಿಯನ್ನು ಕೇಸಿಗೇ ಬೆಸೆದಿರುತ್ತಾರೆ. ಕತ್ತರಿಸಲು ಯಾರಿಗೂ ಬಿಡಬೇಡಿ. ತುದಿ ತೆರೆದಿರುವ ಬೆಲ್ಟ್ ಸಿಗುತ್ತದೆ, ಕಡ್ಡಿಯ ಸುತ್ತ ಮಡಚಿ ಅಂಟಿಸಿ ಹೊಲಿಯುತ್ತಾರೆ. ಇಲ್ಲವೇ ಒಂದೇ ಪಟ್ಟಿಯನ್ನು ಮೇಲಿಂದ ತೂರಿಸಿ ವಾಚಿನ ಅಡಿಯಿಂದ ಎಳೆಯುವ ನೈಲಾನ್ ಥರದ್ದು. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗೆ ಇಂಥದ್ದಕ್ಕೆ ಅಳತೆ ಗೊತ್ತುಮಾಡಿತ್ತು, ಈಗ ನೇಟೋ ಸ್ಟ್ರಾಪ್ ಅಂತ ಸಿಗುವುದು ಅದೇ. ಪಿನ್ನು ಇರುವ ವಾಚಿಗೂ ಒಳ್ಳೆಯದು, ಒಂದು ಪಿನ್ನು ಮುರಿದರೂ ಇನ್ನೊಂದರ ಮೇಲೆ ವಾಚು ನೇತಾಡಿಕೊಂಡು ಉಳಿಯುತ್ತದೆ. ಕೈಮೇಲೆ ಸ್ವಲ್ಪ ಎತ್ತರ ಕೂರುತ್ತದೆ, ಚಿಕ್ಕ ವಾಚಿಗೆ ಅದೊಂದು ಕೊರತೆ.

ಹಳೇ ಬಕಲ್ ಬಿಸಾಡಬೇಡಿ. ಅದರ ಮೇಲೆ ಕಂಪನಿಯ ಗುರುತಿದ್ದರೆ ಅದರ ಅಗಲ ಅಳೆದು ಅದಕ್ಕೆ ಹೊಂದುವ ಬೆಲ್ಟ್ ಹುಡುಕಿ.

ಬೆಲ್ಟ್ ಬದಲಿಸಿದಾಗಲೆಲ್ಲ ಸ್ಪ್ರಿಂಗ್ ಪಿನ್ನನ್ನೂ ಹೊಸದು ಹಾಕಿ. ವಾಚು ಕೆಳಗೆ ಬೀಳುವುದು ಹೆಚ್ಚಾಗಿ ಬೆಲ್ಟ್ ಹರಿದಲ್ಲ, ಪಿನ್ನು ಸೋತು. ಹಳೇ ಕೇಸಿನ ತೂತು ಚಿಕ್ಕದಿರುತ್ತದೆ, ಈಗಿನ ದಪ್ಪ ತುದಿಯ ಪಿನ್ನು ಒಳಗೆ ಕೂರದೆ ಅಂಚಿನಲ್ಲೇ ಸಿಕ್ಕಿಕೊಂಡಿರುತ್ತದೆ, ನೋಡಲು ಮಾತ್ರ ಸರಿಯಾಗಿ ಕಾಣುತ್ತದೆ. ಅದಕ್ಕೇ ಹಳೇ ಪಿನ್ನನ್ನು ಮಾದರಿಗೆ ಜೊತೆಗೆ ಒಯ್ಯಿರಿ. ಹಾಕಿದ ಮೇಲೆ ದಪ್ಪ ಬಟ್ಟೆ ಹಾಸಿದ ಮೇಜಿನ ಮೇಲೆ ವಾಚು ಹಿಡಿದು ಬೆಲ್ಟಿನ ಎರಡೂ ಕಡೆ ಒಂದೊಂದೇ ಜಗ್ಗಿ ನೋಡಿ. ಕಟಕ್ ಅಂತ ಸದ್ದು ಬಂದರೆ ಪಿನ್ನು ಇನ್ನೂ ಕೂತಿಲ್ಲ, ತೆಗೆದು ಮತ್ತೆ ಹಾಕಿ.